ಕಕ್ಕಡದ ಮಳೆ, ಹೋದ ಕರೆಂಟು, ಹಾವಿನ ಪೆಟ್ಟಿಗೆಯ ಶಾಖ

ನಾಪೋಕ್ಲು ಹೊಸಬ

ಎಲ್ಲರಿಗೂ ಕೊಡಗಿನಿಂದ ನಮಸ್ಕಾರ. 3 ಅಡಿ ಗಾಜಿನ ಟ್ಯಾಂಕ್, ಮೇಲೆ ಜಾಲರಿ ಮುಚ್ಚಳ, ಒಳಗೆ ಒಂದೂವರೆ ವರ್ಷದ ಬಾಲ್ ಪೈಥಾನ್. ಟ್ಯಾಂಕಿನ ಅಡಿಗೆ 28 ವಾಟಿನ ಹೀಟ್ ಮ್ಯಾಟ್, ಎಸ್‌ಟಿಸಿ-1000 ಥರ್ಮೋಸ್ಟಾಟ್, 32 ಡಿಗ್ರಿಗೆ ಇಟ್ಟಿದೆ. ಮೇ ತನಕ ತೊಂದರೆ ಇರಲಿಲ್ಲ. ಈಗ ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲಿ ಮ್ಯಾಟಿನ ಮೇಲೆ 32 ಇದ್ದರೂ ಟ್ಯಾಂಕಿನೊಳಗಿನ ಗಾಳಿ 21 ದಾಟುತ್ತಿಲ್ಲ. ಕೋಣೆ 18–19 ಡಿಗ್ರಿ. ತೇವಾಂಶ 90 ತೋರಿಸುತ್ತಿದೆ. ಇನ್ನೂ ದೊಡ್ಡ ಮ್ಯಾಟ್ ಹಾಕಬೇಕಾ? ಕರೆಂಟ್ ಎರಡು ದಿನ ಬಾರದಿದ್ದರೆ ಏನು ದಾರಿ?

ಪೊನ್ನಂಪೇಟೆ ಪೈಥಾನ್

ದೊಡ್ಡ ಮ್ಯಾಟ್ ಬೇಡ. ಮ್ಯಾಟ್ ಕಾಯಿಸುವುದು ನೆಲವನ್ನು, ಗಾಳಿಯನ್ನಲ್ಲ. ಬೆಂಗಳೂರಿನ ಮನೆಯಲ್ಲಿ ಕೋಣೆಯೇ 25–26 ಇರುವುದರಿಂದ ಅಲ್ಲಿ ಮ್ಯಾಟ್ ಒಂದೇ ಸಾಕಾಗುತ್ತದೆ. ಅವರು ಹಾಕಿದ ವಿಡಿಯೋ ನೋಡಿ ನಾವೂ ಹಾಗೇ ಮಾಡಿದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಗಾಳಿ ತಣ್ಣಗಿದ್ದು ನೆಲ ಮಾತ್ರ ಬಿಸಿ ಇದ್ದರೆ ಹಾವು ಮ್ಯಾಟಿನ ಮೇಲಿಂದ ಏಳುವುದಿಲ್ಲ. ಹೊಟ್ಟೆಯ ಹುರುಪೆ ಸುಡುವುದು ಹೀಗೆ. ಕೆಳಗಿನಿಂದ ಬರುವ ಬಿಸಿ ಅಪಾಯ ಅಂತ ಅದಕ್ಕೆ ಸರಿಯಾಗಿ ಗೊತ್ತಾಗುವುದಿಲ್ಲ, ಮೈ ಬೆಚ್ಚಗಾಗಲಿ ಅಂತ ಸುಡುತ್ತಿದ್ದರೂ ಅಲ್ಲೇ ಕೂರುತ್ತದೆ.

ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು, ಹಗಲೆಲ್ಲ ಬಿಲದಲ್ಲಿ, ಗೆದ್ದಲು ಹುತ್ತದಲ್ಲಿ ಇರುವಂಥದ್ದು. ಅದಕ್ಕೆ ಬಿಸಿ ಜಾಗದ ನೆಲ 31–33, ತಂಪು ಬದಿಯ ಗಾಳಿ 25–27, ರಾತ್ರಿಯಲ್ಲೂ 24ಕ್ಕಿಂತ ಇಳಿಯಬಾರದು. ಕಾರ್ನ್ ಸ್ನೇಕ್ ಇಟ್ಟವರಿಗೆ ಇಷ್ಟು ಕಷ್ಟವಿಲ್ಲ, ಬಿಸಿ ಬದಿ 29–31, ತಂಪು ಬದಿ 22–24 ಇದ್ದರೆ ಸಾಕು.

ನೀವು ಮಾಡಬೇಕಾದದ್ದು: ಮ್ಯಾಟ್ ಅಲ್ಲೇ ಇರಲಿ, ಮೇಲಿನಿಂದ ಒಂದು ಸಿರಾಮಿಕ್ ಹೀಟರ್ ಸೇರಿಸಿ. ಬೆಳಕು ಕೊಡದ ಬಲ್ಬಿನಾಕಾರದ್ದು, 100 ವಾಟ್ ಸಾಕು. ಹೋಲ್ಡರ್ ಪಿಂಗಾಣಿಯದ್ದೇ ಆಗಬೇಕು, ಪ್ಲಾಸ್ಟಿಕ್ ಹೋಲ್ಡರ್ ಕರಗಿ ಇಳಿಯುತ್ತದೆ. ಪೆಟ್ಟಿಗೆಯ ಒಳಗೇ ಕೂರಿಸುವುದಾದರೆ ಸುತ್ತ ತಂತಿ ಬಲೆ ಕಡ್ಡಾಯ. ಹಾವು ಏರಿ ಅದಕ್ಕೆ ಸುತ್ತಿಕೊಂಡರೆ ಬಿಡಿಸುವಷ್ಟರಲ್ಲಿ ಚರ್ಮ ಹೋಗಿರುತ್ತದೆ. ಹಾವು ತಲುಪುವ ಅತಿ ಎತ್ತರದ ಜಾಗಕ್ಕೂ ಹೀಟರಿಗೂ ಕನಿಷ್ಠ 25 ಸೆಂ.ಮೀ. ಅಂತರವಿರಲಿ. ಇದಕ್ಕೆ ಬೇರೆಯೇ ಥರ್ಮೋಸ್ಟಾಟ್ ಬೇಕು. ಅದರ ಪ್ರೋಬ್ (ಶಾಖ ಅಳೆಯುವ ತುದಿ) ಬಿಸಿ ಬದಿಯಲ್ಲಿ ಅರ್ಧ ಎತ್ತರಕ್ಕೆ, ಹೀಟರಿನ ನೇರ ಕೆಳಗಲ್ಲ, ಒಂದು ಗೇಣು ಪಕ್ಕಕ್ಕೆ. 28ಕ್ಕೆ ಇಡಿ. ತಂಪು ಬದಿ ತಾನಾಗಿ 25ರ ಹತ್ತಿರ ನಿಲ್ಲುತ್ತದೆ.

ಜಾಲರಿ ಮುಚ್ಚಳದ ಮುಕ್ಕಾಲು ಭಾಗ ಮುಚ್ಚಿ. ಬಿಸಿ ಗಾಳಿ ಏರಿ ಹೋಗುವುದು ಅಲ್ಲಿಂದಲೇ. ಹೀಟರ್ ಕೂರುವ ಜಾಗದ ಸುತ್ತ ಮಾತ್ರ ಏನೂ ಹೊದಿಸಬೇಡಿ.

ಏಲಕ್ಕಿ ಮಲೆ

ಶಾಖದ ಪ್ರಶ್ನೆ ಸರಿಯಾಯಿತು. ಆದರೆ ಆ 90ನ್ನು ನೋಡಿ ಬಹಳ ಜನ ತೇವ ಕಮ್ಮಿ ಮಾಡಲು ಹೊರಡುತ್ತಾರೆ, ಸಿಲಿಕಾ ಜೆಲ್ ಪೊಟ್ಟಣ ಇಡುತ್ತಾರೆ, ಫ್ಯಾನ್ ಹಾಕುತ್ತಾರೆ. ಬೇಕಿಲ್ಲ. ಆ 90 ಬಂದಿರುವುದು ಗಾಳಿಯಲ್ಲಿ ನೀರು ಜಾಸ್ತಿಯಾಗಿ ಅಲ್ಲ, ಶಾಖ ಕಮ್ಮಿಯಾಗಿ.

ಲೆಕ್ಕ ನೋಡಿ. ಹೊರಗೆ 19 ಡಿಗ್ರಿ, ತೇವಾಂಶ 95. ಅದೇ ಗಾಳಿಯನ್ನು 28ಕ್ಕೆ ಬಿಸಿ ಮಾಡಿದರೆ ತೇವಾಂಶ 55ಕ್ಕೆ ಇಳಿಯುತ್ತದೆ. ಒಂದು ಹನಿ ನೀರು ತೆಗೆಯಬೇಕಿಲ್ಲ, ಸೇರಿಸಬೇಕಿಲ್ಲ. ಬಾಲ್ ಪೈಥಾನಿಗೆ ಬೇಕಾದದ್ದು 55–65. ಅಂದರೆ ಕಕ್ಕಡದ ಮಳೆಯಲ್ಲಿ ಶಾಖ ಸರಿ ಮಾಡಿದರೆ ತೇವಾಂಶ ತಾನಾಗಿ ಸರಿಯಾಗುತ್ತದೆ.

ಹುತ್ತರಿ (ನವೆಂಬರ್–ಡಿಸೆಂಬರ್‌ನ ಸುಗ್ಗಿ ಹಬ್ಬ) ಕಳೆದ ಮೇಲೆ ಇದು ತಲೆಕೆಳಗು. ಜನವರಿ ಬೆಳಗ್ಗೆ 12 ಡಿಗ್ರಿ, ಮಂಜು ಕವಿದು 90 ತೇವಾಂಶ. ಅದನ್ನು 28ಕ್ಕೆ ತಂದರೆ ಉಳಿಯುವುದು 33 ಮಾತ್ರ. ಪೊರೆ ಚೂರುಚೂರಾಗಿ ಬಿಡುವುದು, ಕಣ್ಣಿನ ಪೊರೆ ಅಂಟಿಕೊಳ್ಳುವುದು ನಮ್ಮಲ್ಲಿ ಜಾಸ್ತಿ ಆಗ. ಕಿಟಕಿಯ ಮಂಜು ನೋಡಿ ಒಳಗೂ ತೇವ ಇದೆ ಅಂದುಕೊಂಡರೆ ತಪ್ಪಿದಿರಿ. ಒದ್ದೆ ಪಾಚಿ ತುಂಬಿದ ಡಬ್ಬಿ ಇಡಬೇಕಾದದ್ದು, ನೀರಿನ ಬೋಗುಣಿಯನ್ನು ಬಿಸಿ ಬದಿಗೆ ಸರಿಸಬೇಕಾದದ್ದು ಡಿಸೆಂಬರ್‌ನಿಂದ ಫೆಬ್ರವರಿಯಲ್ಲಿ. ಜುಲೈಯಲ್ಲಿ ಸ್ಪ್ರೇ ಬಾಟಲಿ ಮುಟ್ಟಲೇಬೇಡಿ.

ನಾಪೋಕ್ಲು ಹೊಸಬ

ಏಲಕ್ಕಿ ಅಕ್ಕಾ, ಹಾಗಾದರೆ ಕರೆಂಟ್ ಹೋದಾಗ?

ಏಲಕ್ಕಿ ಮಲೆ

ಅದೇ ಅಪಾಯದ ಗಳಿಗೆ. 28 ಡಿಗ್ರಿಯಲ್ಲಿ 55 ಇದ್ದ ಗಾಳಿ 19ಕ್ಕೆ ತಣಿದಂತೆ ಮತ್ತೆ 95 ಆಗುತ್ತದೆ, ಗಾಜಿಗೆ ಹನಿ ಕಟ್ಟುತ್ತದೆ, ಹಾಸಿದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಒದ್ದೆಯಾಗುತ್ತದೆ. ಒಣ ಚಳಿಯನ್ನು ಹಾವು ಒಂದೆರಡು ದಿನ ತಾಳಿಕೊಳ್ಳುತ್ತದೆ. ಒದ್ದೆ ಚಳಿ ನೇರ ಶ್ವಾಸಕೋಶಕ್ಕೆ. ಹಾಗಾಗಿ ಕರೆಂಟ್ ಹೋಗಿ ಎರಡು ಗಂಟೆ ಕಳೆದರೂ ಬರುವ ಲಕ್ಷಣ ಇಲ್ಲವಾದರೆ ಮೊದಲು ನೀರಿನ ಬೋಗುಣಿ ತೆಗೆಯಿರಿ, ಒದ್ದೆ ಹಾಸು ತೆಗೆದು ಒಣ ಪೇಪರ್ ಹಾಸಿ. ಬಿಸಿ ನೀರಿನ ಬಾಟಲಿ ಎಲ್ಲ ಆಮೇಲೆ.

ಸೋಮವಾರಪೇಟೆ ವೈರಿಂಗ್

ಕರೆಂಟಿನ ಭಾಗ ನಾನು ಬರೆಯುತ್ತೇನೆ.

ಮೊದಲು ವೋಲ್ಟೇಜ್. ತೋಟದ ಲೈನಿನ ಕೊನೆಯ ಮನೆಗಳಲ್ಲಿ ಸಂಜೆ 180 ಬರುವುದು ಹೊಸದಲ್ಲ. ಹೀಟರಿನ ಶಕ್ತಿ ವೋಲ್ಟೇಜಿನ ವರ್ಗದಂತೆ ಇಳಿಯುತ್ತದೆ. 230ರಲ್ಲಿ 100 ವಾಟ್ ಕೊಡುವ ಸಿರಾಮಿಕ್ 180ರಲ್ಲಿ ಕೊಡುವುದು 61 ವಾಟ್. ಚಳಿ ಹೆಚ್ಚುವ ಹೊತ್ತಿಗೇ ಹೀಟರ್ ಸೋಲುತ್ತದೆ. ನಡುರಾತ್ರಿ ಊರಿಗೆ ಊರೇ ಮಲಗಿದ ಮೇಲೆ ಅದೇ ಲೈನ್ 250ಕ್ಕೆ ಏರಿದರೆ 118 ವಾಟ್. ಆದ್ದರಿಂದ ಹೀಟರನ್ನು ಲೆಕ್ಕಕ್ಕಿಂತ ಸ್ವಲ್ಪ ದೊಡ್ಡದೇ ತೆಗೆದುಕೊಳ್ಳಿ, ಆದರೆ ಥರ್ಮೋಸ್ಟಾಟ್ ಇಲ್ಲದೆ ಒಂದು ನಿಮಿಷವೂ ಓಡಿಸಬೇಡಿ.

ಎಸ್‌ಟಿಸಿ-1000 ಬಗ್ಗೆ. ಹಿಂದೆ ಎಂಟು ತಿರುಪು ಇವೆ. 1–2ಕ್ಕೆ ಕರೆಂಟ್, 3–4ಕ್ಕೆ ಪ್ರೋಬ್, 5–6 ಬಿಸಿಯ ರಿಲೇ, 7–8 ತಂಪಿನ ರಿಲೇ. 5–6ರಿಂದ ಕರೆಂಟ್ ತಾನಾಗಿ ಬರುವುದಿಲ್ಲ, ಅದು ಬರೀ ಸ್ವಿಚ್. ಫೇಸ್‌ನಿಂದ ಒಂದು ತುಂಡು ವೈರ್ ತೆಗೆದು 5ಕ್ಕೆ ಕೊಟ್ಟು, 6ರಿಂದ ಹೀಟರಿಗೆ ಹೋಗಬೇಕು. ನ್ಯೂಟ್ರಲ್ ನೇರ ಹೀಟರಿಗೆ. ಸೆಟ್ಟಿಂಗ್‌ಗಳಲ್ಲಿ ಎಫ್1 ನಿಮಗೆ ಬೇಕಾದ ಡಿಗ್ರಿ. ಎಫ್2 ಎಷ್ಟು ಇಳಿದರೆ ಮತ್ತೆ ಆನ್ ಆಗಬೇಕು ಅನ್ನುವುದು, 0.5 ಇಡಿ. ಎಫ್4 ಪ್ರೋಬ್ ತಪ್ಪು ತೋರಿಸುತ್ತಿದ್ದರೆ ತಿದ್ದಲು. ವೈರ್ ಜೋಡಿಸುವುದು ಗೊತ್ತಿಲ್ಲದವರು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ, ತಿರುಪುಗಳು ಹೊರಗೆ ಕಾಣದಂತೆ ಡಬ್ಬಿಯೊಳಗೆ ಕೂರಿಸಿ.

ಇಂಥ ಥರ್ಮೋಸ್ಟಾಟ್ ಕೆಡುವುದು ಎರಡು ಬಗೆ. ಒಂದು, ರಿಲೇಯ ಸಂಪರ್ಕ ಬೆಸೆದುಕೊಂಡು ಹೀಟರ್ ಆಫ್ ಆಗುವುದೇ ಇಲ್ಲ. ಪರದೆಯ ಮೇಲೆ 36, 38, 41 ಅಂತ ಏರುತ್ತಲೇ ಇರುತ್ತದೆ, ನೋಡುವವರು ಮನೆಯಲ್ಲಿ ಇರುವುದಿಲ್ಲ. ಎರಡು, ಪ್ರೋಬ್ ಜಾರಿ ತಣ್ಣನೆಯ ಜಾಗದಲ್ಲಿ ಬಿದ್ದಿರುತ್ತದೆ. ಅದು 24 ಅನ್ನುತ್ತದೆ, ಹೀಟರ್ ಓಡುತ್ತದೆ, ಹಾವು ಬೇಯುತ್ತದೆ. ಇದಕ್ಕೆ ಮದ್ದು ಒಂದೇ: ಎರಡನೇ ಥರ್ಮೋಸ್ಟಾಟನ್ನು ಮೊದಲನೆಯದರ ಸಾಲಿನಲ್ಲೇ ಹಾಕಿ, ಬಿಸಿ ಬದಿಗೆ 36ಕ್ಕೆ ಇಡುವುದು. ಮಾಮೂಲಿ ದಿನ ಅದು ಸದಾ ಆನ್ ಇರುತ್ತದೆ, ಮೊದಲನೆಯದು ಕೈಕೊಟ್ಟರೆ ಮಾತ್ರ ಕಡಿಯುತ್ತದೆ. ಎರಡು ಪ್ರೋಬುಗಳನ್ನು ಒಂದೇ ಟೇಪಿನಲ್ಲಿ ಅಂಟಿಸಬೇಡಿ, ಟೇಪ್ ಬಿಟ್ಟರೆ ಎರಡೂ ಬೀಳುತ್ತವೆ. ಟೇಪಿಗಿಂತ ಕೇಬಲ್ ಕ್ಲಿಪ್ಪೇ ವಾಸಿ. ಹಾವು ಇರುವ ಜಾಗದೊಳಗೆ ಅಂಟು ಟೇಪ್ ಬೇಡವೇ ಬೇಡ, ಹುರುಪೆಗೆ ಅಂಟಿದರೆ ಬಿಡಿಸುವಾಗ ಚರ್ಮ ಕಿತ್ತು ಬರುತ್ತದೆ.

ಮ್ಯಾಟಿಗೆ ಇನ್ನೂ ಅಗ್ಗದ ರಕ್ಷಣೆ ಬೇಕಿದ್ದರೆ ಕೆಎಸ್‌ಡಿ-301 ಅನ್ನುವ ಗುಂಡಿಯಂಥ ಉಷ್ಣ ಸ್ವಿಚ್, 45 ಡಿಗ್ರಿಯದ್ದು, ಮಾಮೂಲಾಗಿ ಮುಚ್ಚಿರುವ ಬಗೆ ಅಂತ ಕೇಳಿ ತನ್ನಿ. ಮ್ಯಾಟಿನ ಅಡಿಗೆ ಒತ್ತಿ ಕೂರಿಸಿ ಫೇಸ್ ವೈರಿನ ನಡುವೆ ಹಾಕಬೇಕು.

30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಕಡಿಯುವ ಸ್ವಿಚ್), ಸರಿಯಾದ ಅರ್ಥಿಂಗ್ ಇಲ್ಲದ ಪ್ಲಗ್ಗಿಗೆ ಇದ್ಯಾವುದನ್ನೂ ಜೋಡಿಸಬೇಡಿ. ವೈರ್ ಪ್ಲಗ್ಗಿಗೆ ಹೋಗುವ ಮೊದಲು ಒಂದು ಸುತ್ತು ಕೆಳಗೆ ಇಳಿದು ಏರಬೇಕು, ಟ್ಯಾಂಕಿನಿಂದ ಹರಿದ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಪೊನ್ನಂಪೇಟೆ ಪೈಥಾನ್

ಪ್ರೋಬ್ ಎಲ್ಲಿಡಬೇಕು ಅನ್ನುವುದರಲ್ಲಿ ಒಂದು ಮಾತು. ಒಳಗಿಟ್ಟ ಪ್ರೋಬಿನ ಮೇಲೆ ಹಾವು ಉಚ್ಚೆ ಹೊಯ್ದರೆ ಒದ್ದೆ ಪ್ರೋಬ್ ಕಮ್ಮಿ ತೋರಿಸುತ್ತದೆ, ಮ್ಯಾಟ್ ಮೀರಿ ಕಾಯುತ್ತದೆ. ಹಾಗಾಗಿ ಮ್ಯಾಟಿನ ಪ್ರೋಬನ್ನು ಹೊರಗೆ, ಮ್ಯಾಟ್ ಮತ್ತು ಗಾಜಿನ ನಡುವೆ ಇಡುವುದು ಒಳ್ಳೆಯದು. ಆದರೆ ಆಗ ಥರ್ಮೋಸ್ಟಾಟಿನ ಅಂಕಿಯೇ ಒಳಗಿನ ಅಂಕಿ ಆಗುವುದಿಲ್ಲ. ಒಳಗಿನ ಗಾಜಿನ ನೆಲವನ್ನು ಇನ್‌ಫ್ರಾರೆಡ್ ಗನ್ನಿನಿಂದ ನೋಡಿ 32 ಬರುವ ತನಕ ಹೊರಗಿನದ್ದನ್ನು ಏರಿಸಬೇಕು. ಕೋಣೆ 27 ಇದ್ದಾಗ ಹೊಂದಿಸಿದ್ದು ಕೋಣೆ 18ಕ್ಕೆ ಇಳಿದಾಗ ಹೊಂದುವುದಿಲ್ಲ. ಏಪ್ರಿಲ್, ಜೂನ್, ಡಿಸೆಂಬರ್, ಹೀಗೆ ವರ್ಷಕ್ಕೆ ಮೂರು ಸಲವಾದರೂ ಮತ್ತೆ ನೋಡಿ. ಜೂನ್‌ನಲ್ಲಿ ಏರಿಸಿದ್ದನ್ನು ಬೇಸಿಗೆಗೆ ಮುಂಚೆ ಇಳಿಸುವುದು ಮರೆಯಬೇಡಿ.

ಗನ್ ಹಿಡಿಯುವಾಗ ಹಾಸನ್ನು ಬದಿಗೆ ಸರಿಸಿ ಗಾಜನ್ನೇ ಅಳೆಯಿರಿ. ಹಾಸಿನ ಮೇಲ್ಮೈ 32 ಇದ್ದು ಅಡಿಯ ಗಾಜು 40 ಇರಬಹುದು, ಹಾವು ಹೂತುಕೊಳ್ಳುವುದು ಆ ಗಾಜಿನ ತನಕ. ಮ್ಯಾಟಿನ ಮೇಲೆ ಹಾಸು 2–3 ಸೆಂ.ಮೀ. ಮೀರದಿರಲಿ. ಟ್ಯಾಂಕಿನ ಅಡಿ ಟೇಬಲ್ಲಿಗೆ ಒತ್ತಿ ಕೂರದಂತೆ ನಾಲ್ಕು ಮೂಲೆಗೆ 6 ಮಿ.ಮೀ. ದಪ್ಪದ ರಬ್ಬರ್ ಗುಂಡಿ ಹಾಕಿ.

ಥರ್ಮಾಮೀಟರನ್ನೂ ಪರೀಕ್ಷೆ ಮಾಡದೆ ನಂಬಬೇಡಿ. ಲೋಟದ ತುಂಬ ಪುಡಿ ಐಸ್, ಮುಳುಗುವಷ್ಟೇ ನೀರು, ಚೆನ್ನಾಗಿ ಕದಡಿ ಪ್ರೋಬನ್ನು ಮೂರು ನಿಮಿಷ ಇಡಿ. 0 ತೋರಿಸಬೇಕು. 1.5 ತೋರಿಸಿದರೆ ಎಫ್4ನಲ್ಲಿ −1.5. ನಂತರ ಜ್ವರದ ಥರ್ಮಾಮೀಟರ್ ಜೊತೆಗಿಟ್ಟು 37 ಡಿಗ್ರಿಯ ನೀರಿನಲ್ಲೂ ಒಮ್ಮೆ ನೋಡಿ.

ಕುಶಾಲನಗರ ಬಡಗಿ

ಗಾಜಿನ ಟ್ಯಾಂಕ್ ನಮ್ಮ ಹವೆಗೆ ಹೇಳಿದ್ದೇ ಅಲ್ಲ. ದೊಡ್ಡ ಹಾವಿಗೆ ಹೇಗೂ 4×2×2 ಅಡಿ ಬೇಕು, ಪ್ಲೈನಲ್ಲಿ ಮಾಡಿಸಿ. 12 ಮಿ.ಮೀ. ಸಾಕು, ಆದರೆ ಐಎಸ್ 710 ಮುದ್ರೆ ಇರುವ ಮರೀನ್ ಪ್ಲೈ ಆಗಬೇಕು. ಮಾಮೂಲಿ ಪ್ಲೈ ಎರಡು ಮಳೆಗಾಲಕ್ಕೆ ಪದರ ಬಿಡುತ್ತದೆ. ಒಳಗೆ ಪಾಲಿಯುರೆಥೇನ್ ಮೂರು ಕೈ, ಮೂಲೆಗಳಿಗೆ ಫಂಗಸ್ ಮದ್ದು ಬೆರೆಸದ ಸಿಲಿಕೋನ್. ಬಳಿದ ಮೇಲೆ ವಾಸನೆ ಪೂರ್ತಿ ಹೋಗಲು ಬೇಸಿಗೆಯಲ್ಲಿ ಎರಡು ವಾರ, ಮಳೆಗಾಲದಲ್ಲಿ ನಾಲ್ಕು ವಾರವಾದರೂ ಬಿಡಿ. ಹಾಗಾಗಿ ಈ ಕೆಲಸ ಮಾರ್ಚ್‌ನಲ್ಲೇ ಮುಗಿಯಬೇಕು.

ಕೋಣೆ 17, ಒಳಗೆ 27 ಬೇಕು ಅಂತಿಟ್ಟುಕೊಳ್ಳಿ. ಮುಂದೆ ಗಾಜಿನ ಬಾಗಿಲಿರುವ ಅಷ್ಟು ದೊಡ್ಡ ಬರಿಯ ಪ್ಲೈ ಪೆಟ್ಟಿಗೆಯಿಂದ ಸುಮಾರು 150 ವಾಟಿನಷ್ಟು ಬಿಸಿ ಸೋರಿ ಹೋಗುತ್ತದೆ. ಉಳಿದ ಐದು ಬದಿಗೆ ಹೊರಗಿನಿಂದ 25 ಮಿ.ಮೀ. ಥರ್ಮೋಕೋಲ್ ಅಂಟಿಸಿದರೆ 70ರ ಆಸುಪಾಸು. ರಾತ್ರಿ ಗಾಜಿನ ಮುಂದೆಯೂ ಒಂದು ಥರ್ಮೋಕೋಲ್ ಹಲಗೆ ನಿಲ್ಲಿಸಿದರೆ 40. ಗಾಳಿಕಿಂಡಿಯಿಂದ ಹೋಗುವುದು ಇದರ ಮೇಲೆ. ಕಿಂಡಿ ಮುಚ್ಚಬೇಡಿ. ಹೀಟ್ ಮ್ಯಾಟಿನ ಅಡಿಗೂ ಥರ್ಮೋಕೋಲ್ ಬೇಡ, ಬಿಸಿ ಹೊರಹೋಗಲು ದಾರಿ ಇಲ್ಲದೆ ಮ್ಯಾಟ್ ಸುಡುತ್ತದೆ.

ಪೆಟ್ಟಿಗೆಯ ಕಾಲುಗಳನ್ನು ನೀರು ತುಂಬಿದ ಬಟ್ಟಲಿನಲ್ಲಿ ನಿಲ್ಲಿಸಿ. ಮಳೆ ಹಿಡಿದರೆ ಇರುವೆ ಸಾಲು ಬೆಚ್ಚಗಿನ ಜಾಗ ಹುಡುಕಿಕೊಂಡು ಬರುತ್ತದೆ. ಇರುವೆ ಚಾಕ್, ಸ್ಪ್ರೇ ಹಾವಿಗೆ ವಿಷ.

ಗೋಣಿಕೊಪ್ಪ ಇನ್ವರ್ಟರ್

ಕರೆಂಟ್ ಹೋದರೆ 150 ಎಎಚ್ ಇನ್ವರ್ಟರ್ ಇದ್ದರೆ ಆಯಿತಲ್ಲ? ಸಿರಾಮಿಕ್ ಹೀಟರ್ ನೇರ ಅದಕ್ಕೆ ಕೊಡಿ.

ಸೋಮವಾರಪೇಟೆ ವೈರಿಂಗ್

ಅಣ್ಣ, ಕೂಡಿಸಿ ನೋಡಿ. 12 ವೋಲ್ಟ್ 150 ಎಎಚ್ ಅಂದರೆ 1800 ವಾಟ್-ಗಂಟೆ. ಬ್ಯಾಟರಿ ಬಾಳಬೇಕಾದರೆ ಅರ್ಧ, 900, ಬಳಸಬಹುದು. ಬರಿಯ ಪ್ಲೈ ಪೆಟ್ಟಿಗೆಗೆ 150 ವಾಟ್ ಬೇಕಾದರೆ ಇನ್ವರ್ಟರಿನ ನಷ್ಟವೂ ಸೇರಿ ಐದು ಗಂಟೆಗೆ ಮುಗಿಯಿತು. ಥರ್ಮೋಕೋಲ್ ಹೊದಿಸಿ 40ಕ್ಕೆ ತಂದರೂ ಇನ್ವರ್ಟರ್ ತಾನೇ 15 ವಾಟ್‌ನಷ್ಟು ತಿನ್ನುತ್ತದೆ, ಪರಿವರ್ತನೆಯಲ್ಲಿ ಇನ್ನಷ್ಟು ಹೋಗುತ್ತದೆ. 14 ಗಂಟೆ ಬಂದರೆ ಹೆಚ್ಚು. ಮನೆಯ ಲೈಟು, ವೈಫೈ ಸೇರಿಸಿಲ್ಲ. ಮರ ಬಿದ್ದು ಲೈನ್ ಹೋದರೆ ಒಳಗಿನ ಊರುಗಳಿಗೆ ಇದು ಸಾಲದು.

ಸ್ಕ್ವೇರ್ ವೇವ್ ಇನ್ವರ್ಟರ್ ಇದ್ದವರಿಗೆ ಇನ್ನೊಂದು ತೊಡಕು. ಡಿಮ್ಮರ್ ಬಗೆಯ (ಆನ್-ಆಫ್ ಮಾಡದೆ ಶಕ್ತಿಯನ್ನೇ ಏರಿಸಿ ಇಳಿಸುವ) ಥರ್ಮೋಸ್ಟಾಟ್ ಅದರಲ್ಲಿ ತಪ್ಪು ನಡೆಯುತ್ತದೆ, ಕೆಲವು ಪೂರ್ತಿ ಆನ್ ಆಗಿ ನಿಲ್ಲುತ್ತವೆ. ರಿಲೇಯದ್ದಕ್ಕೆ ತೊಂದರೆ ಇಲ್ಲ.

ದಾರಿ ಬೇರೆ ಇದೆ. ದೊಡ್ಡ ಪೆಟ್ಟಿಗೆಯನ್ನು ಬಿಸಿ ಇಡಲು ಹೋಗಬೇಡಿ, ಹಾವನ್ನು ಸಣ್ಣ ಡಬ್ಬಕ್ಕೆ ಬದಲಾಯಿಸಿ. 50×35×20 ಸೆಂ.ಮೀ.ಯ ಕ್ಲಿಪ್ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಪಕ್ಕಗಳಲ್ಲಿ ಹತ್ತಾರು 5 ಮಿ.ಮೀ. ತೂತು. ಅದನ್ನು 25 ಮಿ.ಮೀ. ದಪ್ಪದ ಥರ್ಮೋಕೋಲ್ ಪೆಟ್ಟಿಗೆಯೊಳಗೆ ಇಡಿ, ಮೀನು ಸಾಗಿಸುವ ಪೆಟ್ಟಿಗೆ ಗೋಣಿಕೊಪ್ಪದ ಮೀನಂಗಡಿಯಲ್ಲೇ ಸಿಗುತ್ತದೆ, ಚೆನ್ನಾಗಿ ತೊಳೆದು ಒಣಗಿಸಿ. ಅದಕ್ಕೂ ಎದುರುಬದುರು ಎರಡು ತೂತು. ಕೋಣೆ 17 ಇದ್ದು ಡಬ್ಬ 26 ಇರಬೇಕಾದರೆ ಸೋರುವ ಬಿಸಿ 6 ವಾಟ್, ಗಾಳಿಕಿಂಡಿ ಸೇರಿ 8–10. ಇದಕ್ಕೆ 12 ವೋಲ್ಟಿನ 15 ವಾಟ್ ಸಿಲಿಕೋನ್ ಹೀಟರ್ ಪ್ಯಾಡ್, 12 ವೋಲ್ಟಿನದ್ದೇ ಥರ್ಮೋಸ್ಟಾಟ್ ಮಾಡ್ಯೂಲ್ (ಡಬ್ಲ್ಯು-1209 ಅಂತ ಕೇಳಿ), ನಡುವೆ 3 ಆಂಪ್ ಫ್ಯೂಸ್, ನೇರ ಬ್ಯಾಟರಿಗೆ. ಇನ್ವರ್ಟರಿನ ಹಂಗೇ ಇಲ್ಲ. ಅದೇ 900 ವಾಟ್-ಗಂಟೆ ಈಗ ಮೂರೂವರೆ ದಿನಕ್ಕೂ ಮೇಲೆ ಬರುತ್ತದೆ.

ಪ್ಯಾಡ್ ಡಬ್ಬದ ಹೊರಗೆ, ಒಂದು ಪಕ್ಕದ ಗೋಡೆಗೆ. ಅಡಿಗೆ ಬೇಡ. ಪ್ರೋಬ್ ಪ್ಯಾಡಿನ ಹತ್ತಿರದ ಒಳಗೋಡೆಗೆ, 28ಕ್ಕೆ. ಮಳೆಗಾಲ ಶುರುವಾಗುವ ಮುಂಚೆ ಹಾವಿಲ್ಲದೆ ಒಂದು ರಾತ್ರಿ ಓಡಿಸಿ ನೋಡಿಡಿ.

ಗೋಣಿಕೊಪ್ಪ ಇನ್ವರ್ಟರ್

ಸರಿ. ಇಷ್ಟು ಸಣ್ಣ ಹೊರೆ ಸಾಕು ಅಂತ ಗೊತ್ತಿರಲಿಲ್ಲ. ನನ್ನ ಸಲಹೆ ಹಿಂದೆ ತೆಗೆದುಕೊಂಡೆ.

ಭಾಗಮಂಡಲ ಕಡೆಯವ

ಬ್ಯಾಟರಿಯೂ ಇಲ್ಲದಿದ್ದರೆ? ಒಲೆ ಕೋಣೆಯಲ್ಲಿ ಇಡಬಹುದಾ, ಅಥವಾ ಕೆಂಡದ ಅಗ್ಗಿಷ್ಟಿಕೆ?

ಮೈಸೂರು ಪಶುವೈದ್ಯೆ

ಮುಚ್ಚಿದ ಕೋಣೆಯಲ್ಲಿ ಕೆಂಡ, ಗ್ಯಾಸ್ ಹೀಟರ್ ಎರಡೂ ಬೇಡ. ಕಾರ್ಬನ್ ಮೊನಾಕ್ಸೈಡ್ ಹಾವಿಗೂ ಮನೆಯವರಿಗೂ ಕೊಲೆಗಾರ, ವಾಸನೆಯೇ ಇರುವುದಿಲ್ಲ. ಒಲೆಯ ಹೊಗೆ ಹಾವಿನ ಶ್ವಾಸಕೋಶಕ್ಕೆ ಕೆಟ್ಟದ್ದು. ಒಲೆಯಲ್ಲಿ ನೀರು ಕಾಯಿಸಿಕೊಳ್ಳಿ, ಅಷ್ಟೇ. 45 ಡಿಗ್ರಿ ನೀರು, ಅಂದರೆ ಕೈ ಅದ್ದಿ ಸ್ವಲ್ಪ ಹೊತ್ತು ಇಡಬಹುದಾದಷ್ಟು, ಎರಡು ಲೀಟರಿನ ಬಾಟಲಿಗೆ ತುಂಬಿ ಟವೆಲ್ ಸುತ್ತಿ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಡಬ್ಬದ ಹೊರಬದಿಗೆ ಇಡಿ. ಹಾವನ್ನು ಗಂಟು ಕಟ್ಟಿದ ಹತ್ತಿ ಚೀಲದಲ್ಲಿ ಹಾಕಿ ಡಬ್ಬದೊಳಗೆ. ಮೂರ್ನಾಲ್ಕು ಗಂಟೆಗೊಮ್ಮೆ ನೀರು ಬದಲಿಸಿ, ಅಂಕಿ ನೋಡಿ. ಕುದಿವ ನೀರು ತುಂಬಿದರೆ ಮೊದಲ ಅರ್ಧ ಗಂಟೆಯಲ್ಲೇ ಡಬ್ಬ 38 ದಾಟಬಹುದು, ಚಳಿಗಿಂತ ಬೇಗ ಕೊಲ್ಲುವುದು ಅದು.

ಊಟದ ವಿಷಯ ಇಲ್ಲಿ ಯಾರೂ ಎತ್ತಿಲ್ಲ, ಹೇಳುತ್ತೇನೆ. ಹಾವಿನ ಜೀರ್ಣ ಪೂರ್ತಿ ಹೊರಗಿನ ಶಾಖದ ಮೇಲೆ ನಿಂತಿದೆ. ಇಲಿ ನುಂಗಿದ ಮಾರನೇ ದಿನ ಮೈ 20 ಡಿಗ್ರಿಗೆ ಇಳಿದರೆ ಅದು ಹೊಟ್ಟೆಯಲ್ಲೇ ಕೊಳೆಯುತ್ತದೆ, ಹಾವು ಕಕ್ಕುತ್ತದೆ. ಗಾಳಿಮಳೆಯ ಮುನ್ಸೂಚನೆ ಇರುವ ವಾರ ಊಟ ಕೊಡಬೇಡಿ. ಬೆಳೆದ ಬಾಲ್ ಪೈಥಾನಿಗೆ ಎರಡು ವಾರ ತಪ್ಪಿದರೆ ಏನೂ ಆಗದು. ಊಟವಾಗಿ ಎರಡು ದಿನದೊಳಗೆ ಕರೆಂಟ್ ಹೋದರೆ ಮನೆಯ ಬಿಸಿಯೆಲ್ಲ ಮೊದಲು ಆ ಹಾವಿಗೆ. ಕಕ್ಕಿದರೆ 10–14 ದಿನ ಬಿಟ್ಟು ಮಾಮೂಲಿಗಿಂತ ಸಣ್ಣ ಇಲಿ ಕೊಡಿ.

ಕರೆಂಟ್ ಬಂದ ಕೂಡಲೇ ತಣ್ಣಗಿರುವ ಹಾವನ್ನು 33 ಡಿಗ್ರಿಯ ಮ್ಯಾಟಿನ ಮೇಲೆ ಬಿಡಬೇಡಿ, ಅಪ್ಪಿಕೊಂಡು ಸುಟ್ಟುಕೊಳ್ಳುತ್ತದೆ. ಆರೇಳು ಗಂಟೆಯಲ್ಲಿ ಮೆಲ್ಲಗೆ ಏರಿಸಿ. ಎರಡು ದಿನ ಶಾಖ ಸ್ಥಿರವಾಗಿ ನಿಂತ ಮೇಲೆ ಊಟ.

ಮುಂದಿನ ಎರಡು ವಾರ ಬಾಯಿ ನೋಡುತ್ತಿರಿ. ಮೂಗಿನಲ್ಲಿ ಗುಳ್ಳೆ, ಬಾಯಲ್ಲಿ ಲೋಳೆ, ಬಾಯಿ ತೆರೆದು ಉಸಿರಾಟ, ಉಸಿರಿನಲ್ಲಿ ಚಟಚಟ ಅಥವಾ ಸಿಳ್ಳೆ, ತಲೆ ಎತ್ತಿಯೇ ಇಟ್ಟಿರುವುದು, ಇದರಲ್ಲಿ ಒಂದು ಕಂಡರೂ ಸರೀಸೃಪ ನೋಡುವ ವೈದ್ಯರಿಗೆ ತೋರಿಸಿ. ಮನುಷ್ಯರ ಆಂಟಿಬಯೋಟಿಕ್ ಅಂದಾಜಿನಲ್ಲಿ ಕೊಡಬೇಡಿ, ಮೂತ್ರಪಿಂಡ ಹೋಗುತ್ತದೆ. ಮಡಿಕೇರಿಯಿಂದ ಮೈಸೂರಿಗೆ ಬರುವಾಗ ಅದೇ ಥರ್ಮೋಕೋಲ್ ಪೆಟ್ಟಿಗೆ, ಅದೇ ಬಾಟಲಿ.

ಕುಶಾಲನಗರ ಬಡಗಿ

ಬೇಸಿಗೆಯದ್ದೂ ಒಂದು ಮಾತು ಸೇರಲಿ. ಕುಶಾಲನಗರ ಮಡಿಕೇರಿಯಲ್ಲ, ಏಪ್ರಿಲ್‌ನಲ್ಲಿ ಶೀಟಿನ ಮನೆ ಮಧ್ಯಾಹ್ನ 35 ದಾಟುತ್ತದೆ. ಥರ್ಮೋಸ್ಟಾಟ್ ಹೀಟರನ್ನು ಆರಿಸುತ್ತದೆಯೇ ಹೊರತು ತಂಪು ಮಾಡುವುದಿಲ್ಲ. ಕೋಣೆಯೇ 33 ಆದರೆ ಹಾವಿಗೆ ತಂಪು ಬದಿ ಅನ್ನುವುದೇ ಇರುವುದಿಲ್ಲ. ಪಶ್ಚಿಮದ ಗೋಡೆಗೆ ಪೆಟ್ಟಿಗೆ ಒರಗಿಸಬೇಡಿ, ಅಟ್ಟದಲ್ಲಿ ಇಡಬೇಡಿ, ಮಧ್ಯಾಹ್ನ ಕೋಣೆಯಲ್ಲೇ ಅತಿ ತಣ್ಣಗಿರುವ ನೆಲದ ಮಟ್ಟಕ್ಕೆ ಇಳಿಸಿ. ಒಂದು ಬದಿಯ ಜಾಲರಿ ಮೇಲೆ ಐಸ್ ಕಟ್ಟಿದ ಬಾಟಲಿಯನ್ನು ಬಟ್ಟೆ ಸುತ್ತಿ ಇಟ್ಟರೆ ಆ ಬದಿ ಎರಡು ಮೂರು ಡಿಗ್ರಿ ಇಳಿಯುತ್ತದೆ.

ಭಾಗಮಂಡಲ ಕಡೆಯವ

ತೋಟದಲ್ಲಿ ಸಿಕ್ಕ ಸಣ್ಣ ಹೆಬ್ಬಾವಿಗೂ ಇದೇ ಲೆಕ್ಕವಾ?

ಏಲಕ್ಕಿ ಮಲೆ

ಇಲ್ಲ ಅಣ್ಣ. ಹೆಬ್ಬಾವು, ಕೇರೆ, ಮಣ್ಣುಮುಕ್ಕ, ನಮ್ಮ ನೆಲದ ಯಾವ ಹಾವನ್ನೂ ಮನೆಯಲ್ಲಿ ಇಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಗಾಯವಾಗಿದ್ದರೆ ಹತ್ತಿರದ ಅರಣ್ಯ ಇಲಾಖೆಗೆ ತಿಳಿಸಿ, ಗಾಯವಿಲ್ಲದಿದ್ದರೆ ಅದರ ಪಾಡಿಗೆ ಬಿಡಿ. ಅದಕ್ಕೆ ಬೇಕಾದ ಶಾಖ ಅದು ತಾನೇ ಹುಡುಕಿಕೊಳ್ಳುತ್ತದೆ.

ಬಾಲ್ ಪೈಥಾನ್ ವಿದೇಶಿ ಹಾವಾದರೂ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಸೈಟ್ಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ಅದೇ ಕಾಯ್ದೆಯ 2022ರ ತಿದ್ದುಪಡಿ, 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಕಡ್ಡಾಯ. ಹೊಸಬರೇ, ನಿಮ್ಮದು ಆಗಿದೆಯಾ ನೋಡಿಕೊಳ್ಳಿ.

ನಾಪೋಕ್ಲು ಹೊಸಬ

ನೋಂದಣಿ ಆಗಿದೆ. ಜಾಲರಿಯ ಮುಕ್ಕಾಲು ಭಾಗಕ್ಕೆ ಅಕ್ರಿಲಿಕ್ ಹಾಳೆ, ಮೂರು ಬದಿಗೆ ಥರ್ಮೋಕೋಲ್ ಹಾಕಿ ಆರು ಗಂಟೆ ಆಯಿತು. ಸಿರಾಮಿಕ್ ಇನ್ನೂ ಬಂದಿಲ್ಲ. ಮ್ಯಾಟ್ ಒಂದರಲ್ಲೇ ಗಾಳಿ 21ರಿಂದ 23.5ಕ್ಕೆ ಏರಿದೆ, ತೇವಾಂಶ 90ರಿಂದ 76. ಸಿರಾಮಿಕ್ ಬರುವ ತನಕ ಮ್ಯಾಟನ್ನು 34ಕ್ಕೆ ಏರಿಸಲಾ?

ಪೊನ್ನಂಪೇಟೆ ಪೈಥಾನ್

ಬೇಡ, 32ರಲ್ಲೇ ಇರಲಿ. ರಾತ್ರಿ ಮುಂದಿನ ಗಾಜಿಗೂ ಥರ್ಮೋಕೋಲ್ ಹಲಗೆ ನಿಲ್ಲಿಸಿ, ಬಿಸಿ ಬದಿಯ ಅಡಗುತಾಣದಲ್ಲಿ ಒಣ ಪೇಪರ್ ಚೂರು ತುಂಬಿ. ಅಡಗುತಾಣದ ಒಳಗಿನ ಗಾಳಿ ಎಷ್ಟಿದೆ ಅಂತ ಪ್ರೋಬ್ ತೂರಿಸಿ ಅಳೆದು ಬೆಳಗ್ಗೆ ಇಲ್ಲೇ ಬರೆಯಿರಿ. ಅಲ್ಲಿ 26 ಇದ್ದರೆ ಸಿರಾಮಿಕ್ ಬರುವ ತನಕ ಧೈರ್ಯವಾಗಿರಬಹುದು. ಇಲ್ಲದಿದ್ದರೆ ಇವತ್ತೇ ಸಣ್ಣ ಡಬ್ಬಕ್ಕೆ ಬದಲಾಯಿಸಿ.